ಎಲೆ ಹಾಕೋದು ಯಾರ ಪಕ್ಕ?

ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳಾಯ್ತು. ಬೈಬೇಡಿ, ಕಾರಣ ಇದೆ. ಕ್ಯಾಲಿಫೋರ್ನಿಯಾದಲ್ಲಿರೋ ನನ್ನ ತಮ್ಮ ಟಿಕೆಟ್ ಕಳಿಸಿದ್ದ. ಅಮ್ಮ, ಹೆಂಡತಿ, ಮಗಳು, ನಾನು ಸೂಲಿಬೆಲೆಯಿಂದ ಹೊರಟು ದೇವನಹಳ್ಳಿಯಲ್ಲಿ ವಿಮಾನ ಹತ್ತಿದ್ವಿ. 2008ರಲ್ಲಿ ಏರ್‌ಪೋರ್ಟು ಶುರುವಾದಾಗಿನಿಂದ ವಿಮಾನದ ಸದ್ದು ಕೇಳ್ತಾನೇ ಇದ್ದ ಅಮ್ಮ ಒಳಗೆ ಕೂತಿದ್ದು ಇದೇ ಮೊದಲು :-)

ಅಲ್ಲಿಂದ ತಮ್ಮ ನಾಲ್ಕು ದಿನಕ್ಕೆ ಅಂತ ಎಲ್ಲರನ್ನೂ ಹವಾಯಿಗೆ ಕರ್ಕೊಂಡು ಹೋದ. ಸಮುದ್ರ, ಬೆಟ್ಟ, ಜ್ವಾಲಾಮುಖಿ ಇವುಗಳ ಬಗ್ಗೆ ನಾನು ಬರೆಯೋಲ್ಲ, ಅದನ್ನ ನಮ್ಮ ಪ್ರವಾಸಿ ಬ್ಲಾಗಿಗರು ನನಗಿಂತ ಚೆನ್ನಾಗಿ ಬರೀತಾರೆ. ನಾನು ಬರೆಯೋಕೆ ಹೊರಟಿದ್ದು ಒಂದು ಊಟದ ಬಗ್ಗೆ.

ಆ ಊಟಕ್ಕೆ ಅಲ್ಲಿ ಲುವಾವ್ ಅಂತಾರೆ. ಓವಾಹು ದ್ವೀಪದಲ್ಲಿ ಪ್ರವಾಸಿಗಳಿಗೆ ಅಂತಲೇ ನಡೆಸೋ ಅಂಥದ್ದೊಂದಕ್ಕೆ ಹೋಗಿದ್ವಿ. ಒಬ್ಬರಿಗೆ ನೂರು ಡಾಲರಿಗೂ ಮೇಲೆ. ಗೇಟಿನಲ್ಲೇ ಕೊರಳಿಗೆ ಹೂವಿನ ಹಾರ. ಅಮ್ಮ ತಮ್ಮನ ಕಿವಿಯಲ್ಲಿ, "ಇಷ್ಟು ದುಡ್ಡಿಗೆ ನಮ್ಮೂರಲ್ಲಿ ಒಂದು ಬೀದಿಗೇ ಊಟ ಹಾಕಿಸಬೋದಿತ್ತಲ್ಲೋ" ಅಂದ್ರು.

ಮೊದಲು ಒಲೆ ತೋರಿಸಿದ್ರು. ಒಲೆ ಅಂದ್ರೆ ನೆಲದಲ್ಲಿ ತೋಡಿದ ಗುಂಡಿ, ಅದಕ್ಕೆ ಇಮು ಅಂತ ಹೆಸರು. ಸೌದೆ ಉರಿಸಿ ಅದರಲ್ಲಿ ಕಲ್ಲು ಕೆಂಪಗೆ ಕಾಯಿಸಿ, ಮೇಲೆ ಬಾಳೆದಿಂಡು, ಎಲೆಗಳನ್ನ ಹಾಸಿ, ಇಡೀ ಹಂದಿಯನ್ನ ಇಟ್ಟು, ಮತ್ತೆ ಎಲೆ ಮುಚ್ಚಿ ಮಣ್ಣು ಎಳೆದು ಗಂಟೆಗಟ್ಟಲೆ ಬಿಡ್ತಾರೆ. ಮಣ್ಣು ಸರಿಸಿದಾಗ ಬಂದ ಹೊಗೆಗೆ ನನ್ನ ಹೊಟ್ಟೆ ಚುರ್ ಅಂತು, ಅಮ್ಮ ಸೆರಗು ಮೂಗಿಗೆ ಇಟ್ಕೊಂಡ್ರು. ನಮ್ಮ ಮನೆಯಲ್ಲಿ ಕುರಿ, ಕೋಳಿ ನಡೆಯುತ್ತೆ, ಹಂದಿ ನಡೆಯೋಲ್ಲ. ಹಂದಿ ತಿನ್ನೋರ ಬಗ್ಗೆ ನಮ್ಮ ಕಡೆ ಯಾವ ಥರ ಮಾತಾಡ್ತಾರೆ ಅಂತ ನಿಮಗೆ ಗೊತ್ತೇ ಇದೆ. "ಬೇರೆ ಕಡೆ ಕೂತ್ಕೊಳೋಣ ಕಣಪ್ಪ" ಅಂದ್ರು ಅಮ್ಮ. ತಮ್ಮ ಮೂಲೆಯಲ್ಲೊಂದು ಮೇಜು ಹುಡುಕಿದ.

ತಟ್ಟೆಗೆ ನೇರಳೆ ಬಣ್ಣದ ಗೊಜ್ಜಿನಂಥದ್ದು ಬಂತು. ಪೋಯಿ ಅಂತೆ. ತಮ್ಮನ ಹೆಂಡತಿ ಚಮಚ ಹುಡುಕ್ತಿದ್ರೆ ಅಮ್ಮ ಆಗಲೇ ಬೆರಳಲ್ಲಿ ಎತ್ತಿ ಬಾಯಿಗಿಟ್ಟು, "ಇದು ಶಾಮೆಗಡ್ಡೆ ಕಣೋ!" ಅಂದ್ರು. ನಿಜವೇ. ಮಲೆನಾಡಿನವರಾದರೆ ಕೆಸುವಿನ ಗಡ್ಡೆ ಅನ್ನಿ. ಅದನ್ನ ಬೇಯಿಸಿ, ಕುಟ್ಟಿ, ನೀರು ಸೇರಿಸಿ ನಾದ್ತಾರೆ. ಗಟ್ಟಿ ಇದ್ರೆ ಒಂದು ಬೆರಳಿನ ಪೋಯಿ, ನೀರಾದರೆ ಎರಡು, ಮೂರು ಬೆರಳಿನದ್ದು. ಒಂದೆರಡು ದಿನ ಹುಳಿ ಬಂದ ಮೇಲೆ ರುಚಿ ಅನ್ನೋರೂ ಇದ್ದಾರೆ. ನಮ್ಮ ಅಂಬಲಿ ಥರಾನೇ. ಹವಾಯಿಯ ಮೂಲ ಜನರ ಕಥೆಯಲ್ಲಿ ಈ ಗಿಡ ಮನುಷ್ಯನ ಅಣ್ಣ.

ಇನ್ನೊಂದು ಮಾತು ಕೇಳಿ. ಲುವಾವ್ ಅನ್ನೋದು ಮೂಲದಲ್ಲಿ ಊಟದ ಹೆಸರಲ್ಲ, ಕೆಸುವಿನ ಎಲೆಯ ಹೆಸರು. ಆ ಎಲೆಯನ್ನ ತೆಂಗಿನ ಹಾಲಿನಲ್ಲಿ ಬೇಯಿಸಿ ಬಡಿಸ್ತಾ ಬಡಿಸ್ತಾ 19ನೇ ಶತಮಾನದಲ್ಲಿ ಊಟಕ್ಕೇ ಎಲೆಯ ಹೆಸರು ಬಂತು. ನಾವೂ ಹಾಗೇ ಅಲ್ವಾ? "ಎಲೆ ಹಾಕಿದ್ರಾ?" ಅಂದ್ರೆ ಊಟಕ್ಕೆ ಕೂರಿಸಿದ್ರಾ ಅಂತ. "ಎಷ್ಟು ಎಲೆ ಆಯ್ತು?" ಅಂದ್ರೆ ಎಷ್ಟು ಜನ ಉಂಡ್ರು ಅಂತ.

ಊಟ ಆಗ್ತಿದ್ದಂಗೆ ಕುಣಿತ. ಹುಲಾ ಆಯ್ತು, ಕೊನೆಗೆ ಒಬ್ಬ ಹುಡುಗ ಎರಡೂ ತುದಿಗೆ ಬೆಂಕಿ ಹಚ್ಚಿದ ಕತ್ತಿ ತಿರುಗಿಸಿದ. ನಾನು ಮೊದಲೇ ಓದ್ಕೊಂಡು ಹೋಗಿದ್ದೆ ನೋಡಿ, ತಮ್ಮನಿಗೆ ಹೇಳಿದೆ: "ಈ ಬೆಂಕಿ ಕುಣಿತ ಹವಾಯಿಯದ್ದೇ ಅಲ್ಲ ಕಣೋ, ಸಮೋವಾದ್ದು. ಎಲ್ಲಾ ಕಲಸಿ ಮಾರ್ತಿದ್ದಾರೆ." ನಮ್ಮ ಕಡೆಯ ರೆಸಾರ್ಟುಗಳಲ್ಲೂ ಕರಾವಳಿಯ ಯಕ್ಷಗಾನ, ನಮ್ಮ ಪೂಜಾ ಕುಣಿತ, ಮೇಲೊಂದು ಡೊಳ್ಳು ಸೇರಿಸಿ ಅರ್ಧ ಗಂಟೆಯಲ್ಲಿ "ಕರ್ನಾಟಕ ಸಂಸ್ಕೃತಿ" ಮುಗಿಸ್ತಾರಲ್ಲ, ಹಾಗೆ. ಬ್ಲಾಗಿಗೆ ಒಂದು ಖಾರವಾದ ಬರಹ ಸಿಕ್ತು ಅಂತ ಮನಸ್ಸಿನಲ್ಲೇ ಖುಷಿಯಾಗಿದ್ದೆ.

ಆ ಖುಷಿ ಇಳಿಸಿದ್ದು ನಮ್ಮ ಮೇಜಿಗೆ ಬಡಿಸ್ತಿದ್ದ ಹೆಂಗಸು. ಅಮ್ಮನ ವಯಸ್ಸಿನವರು, ಅಲ್ಲಿನವರೇ. ಅಮ್ಮ ಕೈಯಲ್ಲಿ ಪೋಯಿ ತಿನ್ನೋದು ನೋಡಿ ನಕ್ಕು ಎರಡನೇ ಸಲ ತಂದು ಹಾಕಿದ್ರು. ತಮ್ಮ ಮಾತಾಡಿಸಿದ. ಇದು ನಮ್ಮ ಕೆಲಸ, ನಿಜವಾದ ಲುವಾವ್ ಮನೆಯಲ್ಲಿ ಅಂದ್ರಂತೆ. ಮಗುವಿಗೆ ಒಂದು ವರ್ಷ ತುಂಬಿದಾಗ ನೆಂಟರು, ಅಕ್ಕಪಕ್ಕದವರು ಎಲ್ಲಾ ಸೇರಿ ಹಿತ್ತಲಲ್ಲಿ ಗುಂಡಿ ತೋಡಿ ಮಾಡ್ತಾರೆ. ಹೊರಗಿನವರು ತಂದ ರೋಗಗಳಿಗೆ ಮಕ್ಕಳು ಸಾಯ್ತಿದ್ದ ಕಾಲದಲ್ಲಿ ವರ್ಷ ದಾಟಿದ ಮಗು ಅಂದ್ರೆ ಅಷ್ಟು ದೊಡ್ಡ ಸಂಗತಿ.

ರಾತ್ರಿ ರೂಮಿಗೆ ಬಂದು ಮತ್ತೆ ಓದಿದೆ, ಈ ಸಲ ಸರಿಯಾಗಿ. 1893ರಲ್ಲಿ ಅವರ ರಾಣಿಯನ್ನ ಇಳಿಸಿದ್ರು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಕಲಿಕೆಯ ಮಾಧ್ಯಮ ಮಾಡ್ತು. ಅವರ ಭಾಷೆ ಮತ್ತೆ ರಾಜ್ಯದ ಅಧಿಕೃತ ಭಾಷೆ ಆಗೋಕೆ 1978ರವರೆಗೆ ಕಾಯಬೇಕಾಯ್ತು. ಇಷ್ಟೆಲ್ಲಾ ಆದ ಮೇಲೂ ಉಳಿಸಿಕೊಂಡಿದ್ದನ್ನ ಟಿಕೆಟ್ ಇಟ್ಟು ತೋರಿಸಿ ಸಂಬಳ ತಗೊಳ್ಳೋರನ್ನ ಆಡಿಕೊಳ್ಳೋಕೆ ನಾನ್ಯಾರು ಅನ್ನಿಸಿತು.

ಆದರೆ ನಿದ್ದೆ ಕೆಡಿಸಿದ್ದು 1819ರ ಕಥೆ.

ಅಲ್ಲಿವರೆಗೆ ಹವಾಯಿಯಲ್ಲಿ ಗಂಡಸರು, ಹೆಂಗಸರು ಒಟ್ಟಿಗೆ ಉಣ್ಣೋ ಹಾಗಿರಲಿಲ್ಲ. ಅಡುಗೆಯ ಒಲೆಯೂ ಬೇರೆ. ಹಂದಿ, ತೆಂಗಿನಕಾಯಿ, ಬಾಳೆಹಣ್ಣಿನ ಹೆಚ್ಚಿನ ಜಾತಿಗಳು ಹೆಂಗಸರಿಗೆ ನಿಷಿದ್ಧ. ಮುರಿದರೆ ಸಾವೇ ಶಿಕ್ಷೆ ಆಗಬಹುದಿತ್ತು. ಈ ಕಟ್ಟಳೆಗೆ ಕಪು ಅಂತ ಹೆಸರು. ಆ ವರ್ಷ ಮೇ ತಿಂಗಳಲ್ಲಿ ದೊಡ್ಡ ದೊರೆ ಕಮೆಹಮೆಹ ತೀರಿಕೊಂಡ. ಪಟ್ಟಕ್ಕೆ ಬಂದ ಮಗ ಲಿಹೋಲಿಹೋಗೆ ಇಪ್ಪತ್ತರ ಆಸುಪಾಸು. ಅವನ ತಾಯಿ ಕೆಯೋಪುವೊಲಾನಿ, ಸತ್ತ ದೊರೆಯ ಇನ್ನೊಬ್ಬ ಹೆಂಡತಿ ಕಾಅಹುಮನು, ಇಬ್ಬರೂ ಒತ್ತಾಯ ಮಾಡಿದ್ರು. ಕೊನೆಗೊಂದು ದಿನ ದೊಡ್ಡ ಔತಣದಲ್ಲಿ ಹುಡುಗ ದೊರೆ ಪಂಕ್ತಿಯ ಸುತ್ತ ಎರಡು ಮೂರು ಸಲ ಸುಮ್ಮನೆ ಓಡಾಡಿ, ಆಮೇಲೆ ಹೆಂಗಸರ ಮಧ್ಯೆ ಕೂತು ಉಂಡುಬಿಟ್ಟ ಅಂತ ಹೇಳ್ತಾರೆ. ಆಕಾಶ ಬೀಳಲಿಲ್ಲ. ಕಪು ಬಿತ್ತು. ಕ್ರೈಸ್ತ ಪಾದ್ರಿಗಳು ಬಂದಿಳಿದದ್ದು ಮಾರನೇ ವರ್ಷ, 1820ರಲ್ಲಿ. ಅಂದ್ರೆ ಮುರಿದದ್ದು ಅವರೇ, ಯಾರೋ ಬಂದು ಮುರಿಸಿದ್ದಲ್ಲ.

ಎಲ್ಲಾ ಬೆಲ್ಲದಂಗೆ ಆಯ್ತು ಅಂತಲ್ಲ. ಆ ವರ್ಷ ಡಿಸೆಂಬರಿನಲ್ಲೇ ಹಳೇ ಪದ್ಧತಿ ಬೇಕು ಅಂದ ದಾಯಾದಿಯ ಜೊತೆ ಯುದ್ಧ ಆಯ್ತು. ಅದರ ಹಿಂದೆ ಅಧಿಕಾರದ ಲೆಕ್ಕವೂ ಇತ್ತು. ಇದೇ ಕಾಅಹುಮನು ಕ್ರೈಸ್ತಳಾದ ಮೇಲೆ 1830ರಲ್ಲಿ ಹುಲಾ ಕುಣಿತವನ್ನೇ ನಿಷೇಧಿಸಿದಳು. ಮನುಷ್ಯರು ಹೀಗೇ. ಆದ್ರೂ ಆ ಒಂದು ಊಟ ಆಯ್ತಲ್ಲ.

ಬೆಳಗ್ಗೆ ಅಮ್ಮನಿಗೆ ಹೇಳಿದೆ. "ಬಾಳೆಹಣ್ಣೂ ಕೊಡ್ತಿರಲಿಲ್ವಾ?" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ನಾವು ಮಾತ್ರ ಏನು, ಗಂಡಸರು ಉಂಡು ಎದ್ದ ಮೇಲೆ ತಾನೇ ಉಂಡಿದ್ದು. ಎಷ್ಟೋ ಹಬ್ಬದಲ್ಲಿ ಬಾಡು ಮುಗಿದು ಬರೀ ಸಾರು ಉಳಿದಿರ್ತಿತ್ತು" ಅಂದ್ರು. ನಲವತ್ತಾರು ವರ್ಷದಲ್ಲಿ ಈ ಮಾತು ನಾನು ಅಮ್ಮನ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಇನ್ನು ನನ್ನ ಸರದಿ. ಸೂಲಿಬೆಲೆಯಿಂದ ಒಂದಿಷ್ಟು ಒಳಗೆ ನಮ್ಮ ಅಜ್ಜಿ ಊರು. ಹೆಸರು ಬೇಡ, ನಿಮ್ಮೂರೇ ಅಂದ್ಕೊಳ್ಳಿ. ಊರಹಬ್ಬಕ್ಕೆ ಹೆಣ್ಣುಮಕ್ಕಳು ತಂಬಿಟ್ಟಿನ ಆರತಿ ಹೊತ್ತು ಅಮ್ಮನ ಗುಡಿಗೆ ಹೋಗ್ತಾರೆ, ಮುಂದೆ ತಮಟೆ. ಆ ತಮಟೆ ಇಲ್ಲದೆ ಅಮ್ಮ ಏಳೋಲ್ಲ, ಆರತಿ ಹೊರಡೋಲ್ಲ. ಮಾರನೇ ದಿನ ಮುದ್ದೆ, ಬಾಡೂಟ. ಇಪ್ಪತ್ತನೇ ವಯಸ್ಸಿನಲ್ಲಿ ನಾನು ಅಲ್ಲಿ ಬಡಿಸ್ತಿದ್ದೆ. ತಮಟೆಯವರ ಎಲೆ ಶಾಮಿಯಾನದ ಹಿಂದೆ, ಎಲ್ಲರದ್ದೂ ಆದ ಮೇಲೆ. ಸೌಟು ಎಲೆಗೆ ತಾಕದ ಹಾಗೆ ಎತ್ತರದಿಂದ ಸಾರು ಹುಯ್ಯಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ಕಲಿತಿದ್ದೆ, ಹಾಗೇ ಹುಯ್ದೆ. ಬೆಳಗಿನ ಜಾವದವರೆಗೆ ತಮಟೆ ಬಡಿದ ಆ ಹಿರಿಯನ ಕೈ ಮೇಲೆ ಬಿಸಿ ಸಾರು ಸಿಡೀತು. ಆತ ಕೈ ಒರೆಸ್ಕೊಂಡು, "ಇರ್ಲಿ ಬುಡಿ ಸ್ವಾಮಿ" ಅಂದ. ಅಸ್ಪೃಶ್ಯತೆ ರದ್ದು ಅಂತ 1950ರಿಂದ ಜಾರಿಯಲ್ಲಿರೋ ನಮ್ಮ ಸಂವಿಧಾನದ 17ನೇ ವಿಧಿ ಹೇಳುತ್ತೆ. ಅದನ್ನ ನಾನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೆ.

ವಾಪಸ್ಸು ಬಂದ ಮೇಲೆ ಈ ವರ್ಷದ ಹಬ್ಬದ ಮಾತುಕತೆಗೆ ಹೋಗಿದ್ದೆ. ಎಲ್ಲರಿಗೂ ಒಂದೇ ಪಂಕ್ತಿ ಹಾಕೋಣ ಅಂದೆ. "ಹಾಕಿದ್ರೂ ಅವರೇ ಬರೋಲ್ಲ" ಅಂದ್ರು ಒಬ್ಬರು. ಇನ್ನೊಬ್ಬರು ಬುದ್ಧಿವಂತರು: "ಬಫೆ ಮಾಡ್ಸಿಬಿಡೋಣ, ತಟ್ಟೆ ಹಿಡ್ಕೊಂಡು ನಿಂತು ತಿಂದ್ರೆ ಪಂಕ್ತಿ ತಂಟೆಯೇ ಇಲ್ಲ." ಎಲ್ಲರೂ ಹೂಂ ಅಂದ್ರು. ಯಾರೂ ಕೂರದಿದ್ರೆ ಯಾರ ಪಕ್ಕ ಯಾರು ಅನ್ನೋ ಪ್ರಶ್ನೆಯೇ ಇಲ್ಲ ನೋಡಿ. ಸಮಾನತೆ ಬಂತು ಅಂತ ಲೆಕ್ಕ!

ಆ ಹಿರಿಯ ಈಗಿಲ್ಲ. ಅವನ ಮಗ ತಂಡ ನಡೆಸ್ತಾನೆ. ಅವನನ್ನೂ ಕೇಳಿದೆ. ನಕ್ಕ. "ಎಲೆ ಆಮೇಲೆ ಹಾಕಿ ಅಣ್ಣ, ಮೊದ್ಲು ಕೂಲಿ ಸರಿಯಾಗಿ ಕೊಡ್ಸಿ. ರೆಸಾರ್ಟಿನೋರು ಒಂದು ಗಂಟೆಗೆ ಕೊಡೋದನ್ನ ನಮ್ಮೂರು ಎರಡು ರಾತ್ರಿಗೆ ಕೊಡಲ್ಲ" ಅಂದ. ಕಲೆ ಮಾರಿಕೊಳ್ತಾರೆ ಅಂತ ಆ ಲುವಾವ್ ಮೇಜಿನಲ್ಲಿ ಕೂತು ಭಾಷಣ ಬಿಗಿದಿದ್ದ ನನಗೆ ಇದಕ್ಕಿಂತ ಸರಿಯಾದ ಉತ್ತರ ಬೇರೆ ಸಿಕ್ತಿರಲಿಲ್ಲ.

ನಾನು ಹೇಳೋದಿಷ್ಟೇ. ಜಾನಪದ ಉಳಿಸಿ, ಸಂಸ್ಕೃತಿ ಉಳಿಸಿ ಅಂತ ನಾವು ಬ್ಲಾಗಿಗರು ಪುಟಗಟ್ಟಲೆ ಬರೀತೀವಿ, ನಾನೂ ಬರೆದಿದ್ದೀನಿ. ಯಾವುದು ಅಸಲಿ, ಯಾವುದು ನಕಲಿ ಅಂತ ಜಗಳಾನೂ ಆಡ್ತೀವಿ. ನಮ್ಮೂರ ಬಾಡೂಟ ನೂರಕ್ಕೆ ನೂರು ಅಸಲಿ. ಶಾಮಿಯಾನದ ಹಿಂದಿನ ಎಲೆಯೂ ಅಷ್ಟೇ ಅಸಲಿ. ಅಸಲಿ ಅನ್ನೋ ಕಾರಣಕ್ಕೆ ಎಲ್ಲವನ್ನೂ ಉಳಿಸಬೇಕಿಲ್ಲ. ತಮಟೆ ಉಳೀಬೇಕು, ತಂಬಿಟ್ಟು ಉಳೀಬೇಕು, ನೆಲದ ಮೇಲೆ ಕೂತು ಉಣ್ಣೋ ಪಂಕ್ತಿ ಉಳೀಬೇಕು. ಪಂಕ್ತಿಯ ಒಳಗಿರೋ ಗೆರೆ ಹೋಗಬೇಕು. ಬಫೆ ಗೆರೆಯನ್ನ ಉಳಿಸಿ ಪಂಕ್ತಿಯನ್ನ ತೆಗೆಯುತ್ತೆ, ಅದಕ್ಕೇ ನನ್ನ ವಿರೋಧ.

ಕೂಲಿಯ ವಿಷಯ ಮುಂದಿನ ಸಭೆಗೆ ಇಟ್ಟಿದ್ದೀನಿ, ಬೈಸ್ಕೊಳ್ಳೋಕೂ ತಯಾರಿದ್ದೀನಿ. ಹಬ್ಬದ ದಿನ ಬಫೆ ಇರಲಿ ಇಲ್ಲದಿರಲಿ, ತಂಡದವರು ಒಪ್ಪಿದ್ರೆ ಅವರ ಜೊತೆ ಎಲೆ ಹಾಕಿಸ್ಕೊಂಡು ಕೂರ್ತೀನಿ. ಅಮ್ಮನಿಗೂ ಹೇಳಿದ್ದೀನಿ. "ನೋಡೋಣ" ಅಂದಿದ್ದಾರೆ. ಬೇಡ ಅಂದಿಲ್ಲ.

ನಿಮ್ಮೂರಲ್ಲಿ ಹೇಗೆ? ಎಲೆ ಎಲ್ಲಿ ಹಾಕ್ತಾರೆ, ಯಾರ ಪಕ್ಕ ಯಾರು ಕೂರ್ತಾರೆ, ನೀವು ಸೌಟನ್ನ ಎಷ್ಟು ಎತ್ತರಕ್ಕೆ ಹಿಡಿದಿದ್ರಿ? ಮುಚ್ಚಿಡದೆ ಬರೀರಿ.