ಮಕ್ಕಳ ಓಲೆಗೆ ಅತ್ತಣಿಂದ ಉತ್ತರ ಬರಲಿ

ಠಾಣೆಯಿಂದ ಕಲ್ಯಾಣದವರೆಗೆ, ಇತ್ತ ನವಿ ಮುಂಬಯಿಯ ಉದ್ದಗಲಕ್ಕೂ ನೆಲೆಸಿರುವ ಕನ್ನಡ ಬಾಂಧವರಲ್ಲಿ ಠಾಕುರ್ಲಿಯ ನಿವಾಸಿಯಾದ ನನ್ನದೊಂದು ಬಿನ್ನಹವಿದೆ. ಬಾಲ್ಯದಲ್ಲಿ ಅಜ್ಜಿಯ ಕಥೆಗಳಿಗೆ ಕಿವಿದೆರೆದು ಹಿಗ್ಗಿದ ನಮ್ಮ ಮಕ್ಕಳೇ, ಎಂಟನೆಯ ತರಗತಿಯನ್ನು ದಾಟಿ ಹತ್ತನೆಯದರ ಪರೀಕ್ಷೆಯತ್ತ ಸಾಗುವ ಹೊತ್ತಿಗೆ, ಕನ್ನಡದ ಪುಸ್ತಕವನ್ನಷ್ಟೇ ಅಲ್ಲ, ಅಂಕಗಳನ್ನು ತಂದುಕೊಡದ ಯಾವ ವಿದ್ಯೆಯನ್ನು ಕಂಡರೂ ಮುಖ ತಿರುಗಿಸುವುದನ್ನು ನಾವೆಲ್ಲರೂ ನೋಡುತ್ತಿದ್ದೇವೆ. ಇದರ ಅಪವಾದವನ್ನೆಲ್ಲ ಅವರ ಕೈಯಲ್ಲಿರುವ ಮೊಬೈಲಿನ ಮೇಲೆ ಹೊರಿಸಿ ಸುಮ್ಮನಾಗುವುದು ಸುಲಭ. ಆದರೆ ನನಗೆ ತೋರುವ ಕಾರಣವೇ ಬೇರೆ. ಆ ವಯಸ್ಸಿನ ಮಗುವು ಬರೆದದ್ದನ್ನು ಓದುವವರು ಪರೀಕ್ಷಕರ ಹೊರತು ಮತ್ತಾರೂ ಇಲ್ಲ. ಅದು ಆಡಬಯಸುವ ಮಾತನ್ನು ಕೇಳಲೆಂದು ಅದರ ಓರಗೆಯವರು ಎಲ್ಲಿಯೂ ಕಾದು ಕುಳಿತಿಲ್ಲ. ಕೇಳುವವರಿಲ್ಲದ ಕಡೆ ಉತ್ಸಾಹವು ಎಷ್ಟು ದಿನ ತಾನೇ ಉಳಿದೀತು?

ಕೇಳುವವರೊಬ್ಬರಿದ್ದರೆ ಯಂತ್ರವೊಂದು ಎರಡು ಭಾಷೆಗಳ ನಡುವೆ ಹೇಗೆ ಸೇತುವಾಗಬಲ್ಲದೆಂಬುದಕ್ಕೆ ದೂರದ ದೃಷ್ಟಾಂತವನ್ನು ಅರಸಬೇಕಾಗಿಲ್ಲ. ಭೈರಪ್ಪ, ಕಾರಂತರಾದಿಯಾಗಿ ಕನ್ನಡದ ಹಿರಿಯ ಲೇಖಕರನ್ನು ಮರಾಠಿ ವಾಚಕರ ಮನೆಮನೆಗೂ ತಲುಪಿಸಿದ ಪುಣೆಯ ಉಮಾ ಕುಲಕರ್ಣಿಯವರಿಗೆ ಕನ್ನಡದ ಲಿಪಿಯು ಒಲಿದಿರಲಿಲ್ಲವಾದ್ದರಿಂದ, ಅವರ ಪತಿ ವಿರೂಪಾಕ್ಷ ಕುಲಕರ್ಣಿಯವರು ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿಡುತ್ತಿದ್ದರು. ಆಕೆ ಅದನ್ನು ಆಲಿಸಿ ಮರಾಠಿಗೆ ಇಳಿಸುತ್ತಿದ್ದರು. ಸಾಹಿತ್ಯ ಅಕಾಡೆಮಿಯ ಅನುವಾದ ಪುರಸ್ಕಾರವನ್ನು ಪಡೆದ ಆ ಸಾಧನೆಯ ಹಿಂದೆ ಇದ್ದುದು ಒಂದು ಸಾಮಾನ್ಯ ಧ್ವನಿಮುದ್ರಣ ಯಂತ್ರ, ಓದುವ ಒಂದು ದನಿ ಮತ್ತು ಅದಕ್ಕಾಗಿ ಕಾದಿರುವ ಒಂದು ಕಿವಿ. ಆ ಟೇಪ್ ರೆಕಾರ್ಡರಿಗಿಂತ ನೂರ್ಮಡಿ ಸಮರ್ಥವಾದ ಸಲಕರಣೆಯು ಇಂದು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಇದೆ. ಇಲ್ಲದಿರುವುದು ಕಾದಿರುವ ಆ ಕಿವಿ ಮಾತ್ರ.

ಮಕ್ಕಳ ಮಾತಿಗೆ ಅಂಥ ಕಿವಿಯಾದವರೊಬ್ಬರಿದ್ದಾರೆ. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕರಾದ ರಣಜಿತ್‌ಸಿಂಹ ಡಿಸಲೆಯವರು 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿಯನ್ನು ಪಡೆದಾಗ, ಪಠ್ಯಪುಸ್ತಕದಲ್ಲಿ ಕ್ಯೂಆರ್ ಸಂಕೇತವನ್ನು ಅಳವಡಿಸಿದ ಅವರ ಜಾಣ್ಮೆಯನ್ನೇ ಪತ್ರಿಕೆಗಳು ಹೆಚ್ಚಾಗಿ ಕೊಂಡಾಡಿದವು. ನನ್ನ ಮನಸ್ಸನ್ನು ಸೆಳೆದದ್ದು ಅದಲ್ಲ. ಪಾಠಗಳು ಮಕ್ಕಳ ಮನೆಮಾತಿನಲ್ಲಿ ಇಲ್ಲವೆಂಬುದನ್ನು ಕಂಡು ಅವರು ಮೊದಲು ಆ ಮಾತನ್ನು ತಾವು ಕಲಿತರು, ಅನಂತರವೇ ಪುಸ್ತಕಕ್ಕೆ ಕೈಯಿಟ್ಟರು. ಆ ಮಾತು ಕನ್ನಡವೆಂದು ಪ್ರಶಸ್ತಿಯ ವಿವರಣೆಯಲ್ಲಿ ಹೇಳಲಾಗಿತ್ತು. ಬಹುಮಾನದ ಹತ್ತು ಲಕ್ಷ ಡಾಲರಿನಲ್ಲಿ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಮಂದಿ ಶಿಕ್ಷಕರಿಗೆ ಹಂಚಿದ ಆ ಔದಾರ್ಯವೂ, ಕಲಹಗ್ರಸ್ತ ದೇಶಗಳ ಎಳೆಯರನ್ನು ಅಂತರ್ಜಾಲದ ಮೂಲಕ ಪರಸ್ಪರ ಮಾತಿಗೆ ಕೂರಿಸಿದ ಅವರ ಯತ್ನವೂ ಒಂದೇ ಹೃದಯದಿಂದ ಹೊಮ್ಮಿದವು. ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ಒಂದು ಹಳ್ಳಿಯಲ್ಲಿದ್ದು ಮಾಡಿದ್ದನ್ನು, ಇಷ್ಟೊಂದು ಸಂಘಗಳೂ ಸಭಾಗೃಹಗಳೂ ಉಳ್ಳ ನಾವು ಪ್ರೌಢಶಾಲೆಯ ಮಕ್ಕಳಿಗಾಗಿ ಮಾಡಲಾರೆವೆ?

ನನ್ನ ಸೂಚನೆ ಇಷ್ಟೇ. ನಮ್ಮ ಉಪನಗರಗಳ ಕನ್ನಡ ಮಕ್ಕಳ ಒಂದೊಂದು ಗುಂಪಿಗೆ, ಅವರು ಕಲಿಯುವ ಶಾಲೆಯ ಮಾಧ್ಯಮ ಯಾವುದೇ ಇರಲಿ, ಕನ್ನಡ ನಾಡಿನ ಅಂಚಿನಲ್ಲಿರುವ ಒಂದು ಪ್ರೌಢಶಾಲೆಯ ಗುಂಪನ್ನು ಜತೆಗೂಡಿಸೋಣ. ಸಾಂಗಲಿ ಜಿಲ್ಲೆಯ ಜತ್ತ, ಸೊಲ್ಲಾಪುರದ ಅಕ್ಕಲಕೋಟೆ, ಕೇರಳಕ್ಕೆ ಸೇರಿದ ಕಾಸರಗೋಡು, ಇಲ್ಲೆಲ್ಲ ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿದ್ದಾರೆ. ತಮ್ಮ ರಾಜ್ಯದ ಭಾಷೆಯೊಂದು, ತಮ್ಮ ನುಡಿಯೊಂದು ಎಂಬ ಸ್ಥಿತಿ ನಮ್ಮವರಂತೆ ಅವರಿಗೂ ಉಂಟು. ನಮ್ಮಲ್ಲಿ ಬಹುಮಂದಿಯ ಮನೆಯೊಳಗಿನ ಮಾತು ತುಳುವೋ ಕೊಂಕಣಿಯೋ ಆಗಿದ್ದು ಕನ್ನಡವು ಅಕ್ಷರದ ಭಾಷೆಯಾಗಿ ಬಂದುದಾದ್ದರಿಂದ, ಜತ್ತದ ಬಯಲಿನ ಕನ್ನಡವನ್ನು ಕೇಳುವುದೇ ಇಲ್ಲಿನ ಹುಡುಗರಿಗೊಂದು ಹೊಸ ಶಿಕ್ಷಣವಾದೀತು. ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಮುಖಾಮುಖಿ ಮಾತು. ಉಳಿದ ದಿನಗಳಲ್ಲಿ ಧ್ವನಿಸಂದೇಶ, ಚಿತ್ರ, ಪತ್ರ.

ಏನನ್ನು ಬರೆಯಬೇಕೆಂಬ ಚಿಂತೆ ಬೇಡ. ಒಂದು ಕಾಲಕ್ಕೆ ರೈಲುಗಳಿಗೆ ವಿದ್ಯುತ್ತನ್ನು ಒದಗಿಸುತ್ತಿದ್ದು ಈಗ ಸ್ತಬ್ಧವಾಗಿರುವ ಠಾಕುರ್ಲಿಯ ಪವರ್‌ಹೌಸಿನ ವೃತ್ತಾಂತವನ್ನು, ಅದರ ಸುತ್ತಲಿನ ರೈಲ್ವೆ ವಸತಿಯ ಹಿರಿಯರ ಬಾಯಿಂದಲೇ ಧ್ವನಿಮುದ್ರಿಸಿ ಕಳುಹಿಸಬಹುದು. ಹೋಟೆಲಿನಲ್ಲಿ ದುಡಿಯುತ್ತಲೇ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದ ಅಜ್ಜಂದಿರ ಅನುಭವವನ್ನು ಮೊಮ್ಮಕ್ಕಳೇ ಕೇಳಿ ದಾಖಲಿಸಬಹುದು. ಬೋರಿವಲಿಯ ಅರಣ್ಯದಲ್ಲಿರುವ ಕಾನ್ಹೇರಿ ಗುಹೆಗಳಿಗೆ ಅವರನ್ನು ಒಮ್ಮೆ ಕರೆದೊಯ್ಯಿರಿ. ಅಲ್ಲಿನ ಒಂಬತ್ತನೆಯ ಶತಮಾನದ ಶಾಸನಗಳು, ಕೊಂಕಣವನ್ನಾಳಿದ ಶಿಲಾಹಾರರು ರಾಷ್ಟ್ರಕೂಟ ಅಮೋಘವರ್ಷನ ಸಾಮಂತರಾಗಿದ್ದುದನ್ನು ಹೇಳುತ್ತವೆ. ಕವಿರಾಜಮಾರ್ಗದೊಡನೆ ಯಾವ ನೃಪತುಂಗನ ಹೆಸರು ಬೆರೆತಿದೆಯೋ ಆತನೇ ಈ ಅಮೋಘವರ್ಷ. ಪಠ್ಯದಲ್ಲಿ ಬಾಯಿಪಾಠ ಮಾಡಿದ ಹೆಸರು ಲೋಕಲ್ ರೈಲಿನ ಹಾದಿಯಲ್ಲೇ ಕಲ್ಲಿನ ಮೇಲೆ ದೊರೆತುದನ್ನು ಅಕ್ಕಲಕೋಟೆಯ ಗೆಳತಿಗೆ ತಿಳಿಸಬೇಕೆಂಬ ತವಕ ಹುಟ್ಟಿದ ಮೇಲೆ, ಬರೆಯೆಂದು ಯಾರೂ ಬೆನ್ನು ಹತ್ತಬೇಕಾಗುವುದಿಲ್ಲ. ಅತ್ತ ಕಾಸರಗೋಡಿನ ಮಕ್ಕಳು ಪಾರ್ತಿಸುಬ್ಬನ ಕುಂಬಳೆಯನ್ನೂ ಯಕ್ಷಗಾನವನ್ನೂ ತೋರಿಸಲಿ. ಹೀಗೆ ಕೂಡಿಬಂದುದರಲ್ಲಿ ಪರಿಶೀಲನೆಗೆ ನಿಲ್ಲುವಂಥದನ್ನು, 2003ರಿಂದ ನಡೆದುಬಂದಿರುವ ಕನ್ನಡ ವಿಕಿಪೀಡಿಯಕ್ಕೆ ಸೇರಿಸುವ ಕ್ರಮವನ್ನೂ ಅವರಿಗೆ ಕಲಿಸಬಹುದು. ಇಂದು ಬೆರಳ ತುದಿಯಲ್ಲಿ ಕನ್ನಡವು ಮೂಡುವಂತೆ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರೆಂಬುದನ್ನು ನಮ್ಮ ಮಕ್ಕಳು ಅರಿತಿರಬೇಡವೆ?

ಸಲಕರಣೆಯೊಂದರಿಂದಲೇ ಎಲ್ಲವೂ ಆಗುವುದೆಂದು ನಾನು ಹೇಳುತ್ತಿಲ್ಲ. 2020ರ ಮಹಾಮಾರಿಯ ಕಾಲದಲ್ಲಿ, ಮನೆಗೊಂದೇ ಇದ್ದ ಮೊಬೈಲನ್ನು ಅಣ್ಣತಂಗಿಯರು ಸರದಿಯಂತೆ ಹಿಡಿದು, ಉತ್ತರ ಕೊಡಲು ಅವಕಾಶವೇ ಇಲ್ಲದ ಪಾಠಗಳನ್ನು ಗಂಟೆಗಟ್ಟಲೆ ನೋಡಿ ಬಳಲಿದುದು ಇನ್ನೂ ಮರೆತಿಲ್ಲ. ಆದಕಾರಣ ಪರದೆಯ ಪರಿಚಯವು ಪಯಣದಲ್ಲಿ ಫಲಿಸಬೇಕು. ಕಲ್ಯಾಣದಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಿನೊಳಗೆ ಸೊಲ್ಲಾಪುರ. ಕೊಂಕಣ ರೈಲ್ವೆಯು 1998ರಲ್ಲಿ ಪೂರ್ಣಗೊಂಡಂದಿನಿಂದ ಠಾಣೆಯಲ್ಲಿ ಹತ್ತಿ ಮಂಗಳೂರಿನಲ್ಲಿ ಇಳಿಯಬಹುದು. ನವೋದಯ ವಿದ್ಯಾಲಯಗಳು ಒಂಬತ್ತನೆಯ ತರಗತಿಯ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೊಂದು ಭಾಷಾಪ್ರದೇಶಕ್ಕೆ ಕಳುಹಿಸುವ ಪದ್ಧತಿಯನ್ನು ಇರಿಸಿಕೊಂಡಿವೆ. ನಾವು ದೀಪಾವಳಿಯ ರಜೆಯಲ್ಲಿ ಒಂದು ವಾರವಾದರೂ ನಮ್ಮ ಮಕ್ಕಳನ್ನು ಅಲ್ಲಿನ ಮನೆಗಳಲ್ಲಿ ಇರಿಸಿ, ಮೇ ತಿಂಗಳಲ್ಲಿ ಅಲ್ಲಿನ ಮಕ್ಕಳನ್ನು ನಮ್ಮ ಮನೆಗಳಿಗೆ ಬರಮಾಡಿಕೊಳ್ಳೋಣ. ಈ ಕೂಟದಲ್ಲಿ ನೆರೆಮನೆಯ ಮರಾಠಿ ಮಕ್ಕಳಿಗೂ ಆಸನವಿರಲಿ. ಅನ್ನವಿತ್ತ ನೆಲದ ಭಾಷೆಯನ್ನು ಹೊರಗಿರಿಸಿ ನಡೆಸುವ ವಿನಿಮಯವು ವಿನಿಮಯವೆನಿಸದು.

ಈ ಕಾರ್ಯಕ್ಕೆ ಬೇಕಾದುದು ದೊಡ್ಡ ನಿಧಿಯಲ್ಲ. ಡೊಂಬಿವಲಿ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವನ್ನು ಕಟ್ಟಿ ಬೆಳೆಸಿದ ಊರಿನವರಿಗೆ ಕಲಿಕೆಗಾಗಿ ಒಗ್ಗೂಡುವುದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಸಂಘಸಂಸ್ಥೆಗಳ ಪದಾಧಿಕಾರಿಗಳು ಶನಿವಾರ ಸಂಜೆ ಒಂದು ಕೊಠಡಿಯನ್ನೂ ಇಂಟರ್‌ನೆಟ್ ಸಂಪರ್ಕವನ್ನೂ ಕೊಡಲಿ. ಐರೋಲಿ, ಮಹಾಪೆಗಳ ಕಚೇರಿಗಳಲ್ಲಿ ಗಣಕಯಂತ್ರದ ಮುಂದೆ ದುಡಿಯುವ ತರುಣ ತರುಣಿಯರು ತಮ್ಮ ರಜೆಯ ಒಂದು ಗಂಟೆಯನ್ನು ಕೊಡಲಿ, ಬಳಸದೆ ಬಿಟ್ಟ ಲ್ಯಾಪ್‌ಟಾಪ್ ಇದ್ದರೆ ಸರಿಪಡಿಸಿ ತರಲಿ. ನಿವೃತ್ತ ಶಿಕ್ಷಕರು ಪ್ರತಿಯೊಂದು ಕರೆಯ ವೇಳೆಯಲ್ಲೂ ಜತೆಗಿದ್ದು, ಮಕ್ಕಳ ಹೆಸರು ವಿಳಾಸಗಳು ಹೊರಗೆ ಹರಡದಂತೆ ಎಚ್ಚರ ವಹಿಸಲಿ. ತಾಯಿತಂದೆಯರಲ್ಲಿ ನಾನು ಬೇಡುವುದು ಒಂದೇ: ಹತ್ತನೆಯ ತರಗತಿಯ ವರ್ಷವೆಂಬ ಕಾರಣದಿಂದ ಆ ಒಂದು ಗಂಟೆಯನ್ನು ಟ್ಯೂಷನ್ನಿಗೆ ಒಪ್ಪಿಸಿಬಿಡಬೇಡಿ. ಜತ್ತದಲ್ಲಿಯೋ ಅಕ್ಕಲಕೋಟೆಯಲ್ಲಿಯೋ ಪರಿಚಯದ ಶಿಕ್ಷಕರಿರುವವರು ಇಂದೇ ಅವರಿಗೊಂದು ಕರೆಮಾಡಿ, ಮುಂದಿನ ಅರ್ಧವಾರ್ಷಿಕ ಪರೀಕ್ಷೆ ಮುಗಿದೊಡನೆ ಮೊದಲ ಮಾತುಕತೆಗೆ ಅವರ ಮಕ್ಕಳು ಸಿದ್ಧರಿರುವರೇ ಎಂದು ವಿಚಾರಿಸಿ, ನಿಮ್ಮ ಸಮೀಪದ ಸಂಘಕ್ಕೆ ತಿಳಿಸಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇನೆ.