ಹೊಲಕ್ಕೆ ಪಹಣಿ ಇದೆ, ಕಡಲಿಗೆ ಏನಿದೆ?

ಹೊಲದಲ್ಲಿ ಬೆಳೆ ಹೋದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲೂಕುಗಳ ಯಾವ ಊರಲ್ಲಾದರೂ ಮೊದಲು ಕೇಳೋದು ಪಹಣಿಯನ್ನು. ಯಾರ ಜಮೀನು, ಎಷ್ಟು ಗುಂಟೆ, ಏನು ಬೆಳೆ ಅಂತ ಅದರಲ್ಲಿ ಬರೆದಿರುತ್ತದೆ. ಕಂದಾಯ ಮತ್ತು ಕೃಷಿ ಇಲಾಖೆಯವರು ಜಂಟಿ ಸಮೀಕ್ಷೆ ಮಾಡುತ್ತಾರೆ. ಪರಿಹಾರ ಕಡಿಮೆ ಇರಬಹುದು, ತಡವಾಗಬಹುದು, ಆದರೆ ಕೇಳಲು ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ. ಉಳ್ಳಾಲದಲ್ಲೋ ಮಲ್ಪೆಯಲ್ಲೋ ಕಡಲಿಗೆ ಎಣ್ಣೆ ಚೆಲ್ಲಿ ದುಡಿಮೆ ನಿಂತರೆ ಅಲ್ಲಿರುವ ನಮ್ಮ ನೆಂಟರು ಯಾವ ಕಾಗದ ತೋರಿಸಬೇಕು?

ಇದು ನಮಗೆ ದೂರದ ಪ್ರಶ್ನೆಯಲ್ಲ. ಘಟ್ಟದ ಮೇಲೆ ನೆಲೆಸಿದ ಬ್ಯಾರಿಗಳಿಗೆ ‘ಊರು’ ಅಂದರೆ ಇನ್ನೂ ಕರಾವಳಿಯೇ. ಮಂಗಳೂರು ದಕ್ಕೆಯಿಂದ ಬೆಂಗಳೂರಿಗೆ ಹೆದ್ದಾರಿ ಹಿಡಿದ ಮೀನಿನ ಲಾರಿ ಬೆಳ್ಳೂರು ಕ್ರಾಸ್ ದಾಟಿಯೇ ಹೋಗುತ್ತದೆ. ಅಲ್ಲಿ ಬಂಗುಡೆ, ಬೂತಾಯಿ ಇಳಿಯದಿದ್ದರೆ ಇಲ್ಲಿಯ ಮೀನಿನ ಅಂಗಡಿಯೂ ಖಾಲಿ.

ಹಿಂದೆ ನಡೆದದ್ದನ್ನು ಒಮ್ಮೆ ನೋಡೋಣ. 2006ರ ಮೇ 30ರಂದು ಸುಮಾರು 650 ಟನ್ ಇಂಧನ ಹೊತ್ತಿದ್ದ ‘ಓಷನ್ ಸೆರಾಯಾ’ ಹಡಗು ಕಾರವಾರದ ಬಳಿ ಬಂಡೆಗೆ ಸಿಕ್ಕಿಕೊಂಡು ಒಡೆಯಿತು. ಅದರ ಎಣ್ಣೆ ದಕ್ಷಿಣ ಗೋವಾದ ತೀರದವರೆಗೂ ಹೋಯಿತು. 2022ರ ಜೂನ್ 21ರಂದು ‘ಪ್ರಿನ್ಸೆಸ್ ಮಿರಾಲ್’ ಉಳ್ಳಾಲದ ಬಟ್ಟಪ್ಪಾಡಿ ಹತ್ತಿರ ಅಪಾಯಕ್ಕೆ ಸಿಲುಕಿ ಮುಳುಗಿತು. ಸಿರಿಯಾದ 15 ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಉಳಿಸಿತು. ಆಮೇಲೆ ಎಲ್ಲರ ಕಣ್ಣು ಅದರ ಟ್ಯಾಂಕಿನಲ್ಲಿದ್ದ ಸುಮಾರು 220 ಟನ್ ಎಣ್ಣೆಯ ಮೇಲೆ. 2025ರ ಮೇ 25ರಂದು ಕೊಚ್ಚಿ ಬಳಿ ‘ಎಂಎಸ್‌ಸಿ ಎಲ್ಸಾ 3’ ಮುಳುಗಿತು. ಜೂನ್ 9ರಂದು ಕೇರಳದ ಆಚೆ ‘ವಾನ್ ಹೈ 503’ ಹೊತ್ತಿ ಉರಿಯಿತು, ಬದುಕುಳಿದ 18 ಮಂದಿಯನ್ನು ಕರೆತಂದದ್ದು ಮಂಗಳೂರಿಗೇ.

ತಾರೀಕುಗಳನ್ನು ಗಮನಿಸಿ. ನಾಲ್ಕೂ ಮೇ ಕೊನೆಯಿಂದ ಜೂನ್ ಮೂರನೇ ವಾರದೊಳಗೆ, ಅಂದರೆ ಮುಂಗಾರು ಬರುವ ಹೊತ್ತಿಗೆ. ಅಲೆ ಎದ್ದ ಕಡಲಲ್ಲಿ ಎಣ್ಣೆ ತಡೆಯುವ ತೇಲುಬೇಲಿ ನಿಲ್ಲೋದು ಕಷ್ಟ. ಜೂನ್, ಜುಲೈ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ ಬೇರೆ. ಆಗ ಅಪಘಾತವಾದರೆ ‘ನೀವು ಹೇಗೂ ಕಡಲಿಗೆ ಇಳಿದಿರಲಿಲ್ಲವಲ್ಲ, ನಷ್ಟ ಎಲ್ಲಿಂದ ಬಂತು?’ ಅನ್ನುವುದು ಸುಲಭ. ಆದರೆ ನಾಡದೋಣಿಯವರು ಆಗಲೂ ಇಳಿಯುತ್ತಾರೆ. ಮೀನು ಮರಿ ಹಾಕುವ ಕಾಲವೂ ಅದೇ. ಆ ಕಾಲದ ಏಟು ಗೊತ್ತಾಗುವುದು ಬೋಟುಗಳು ಮತ್ತೆ ಹೊರಟ ಮೇಲೆ, ಬಲೆ ಖಾಲಿ ಬಂದಾಗ.

ಈಗ ಯಾರ ಕೆಲಸ ಯಾವುದು ಅಂತ ನೋಡೋಣ. ರಾಷ್ಟ್ರೀಯ ಎಣ್ಣೆ ಸೋರಿಕೆ ವಿಪತ್ತು ಯೋಜನೆ 1996ರಲ್ಲಿ ಬಂತು, 2015ರಲ್ಲಿ ಪರಿಷ್ಕರಣೆಯಾಯಿತು. ಅದರ ಪ್ರಕಾರ ಕಡಲ ಮೇಲಿನ ಎಣ್ಣೆಗೆ ಕೋಸ್ಟ್ ಗಾರ್ಡ್, ಬಂದರಿನೊಳಗೆ ಬಂದರು ಪ್ರಾಧಿಕಾರ. ದಡ ಮುಟ್ಟಿದ ಎಣ್ಣೆ ಮಾತ್ರ ರಾಜ್ಯದ ಪಾಲು. ರಾಜ್ಯ ಅಂದರೆ ಕೊನೆಗೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ಪ್ರಾಧಿಕಾರ, ಮೀನುಗಾರಿಕೆ ಇಲಾಖೆ, ಮಾಲಿನ್ಯ ಮಂಡಳಿ, ನಗರಸಭೆ, ಗ್ರಾಮ ಪಂಚಾಯತ್. 2005ರ ವಿಪತ್ತು ಕಾಯ್ದೆಯಲ್ಲಿ ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೆ ಸಹ ಅಧ್ಯಕ್ಷ ಸ್ಥಾನ ಇದೆ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆ ಕುರ್ಚಿ ಖಾಲಿ ಬಿದ್ದದ್ದು ನಮಗೆಲ್ಲ ಗೊತ್ತು. ಊರಿನ ಮಾತು ಹೇಳಬೇಕಾದವರೇ ಇಲ್ಲದ ಸಭೆಯಲ್ಲಿ ಊರಿನ ಯೋಜನೆ ಆಗುವುದು ಹೇಗೆ?

ಹಣದ ವಿಷಯದಲ್ಲಿ ಕೇರಳದಿಂದ ಕಲಿಯಬೇಕಾದ್ದಿದೆ. ಕೇಂದ್ರದ ವಿಪತ್ತು ಪಟ್ಟಿಯಲ್ಲಿ ಬರ, ನೆರೆ, ಚಂಡಮಾರುತ, ಆಲಿಕಲ್ಲು ಇವೆ, ಎಣ್ಣೆ ಸೋರಿಕೆ ಇಲ್ಲ. ಆದರೆ ರಾಜ್ಯ ವಿಪತ್ತು ನಿಧಿಯ ಶೇ. 10ರಷ್ಟನ್ನು ರಾಜ್ಯವೇ ಗುರುತಿಸಿದ ವಿಪತ್ತಿಗೆ ಬಳಸಬಹುದು. ಎಲ್ಸಾ ಮುಳುಗಿದ ಕೆಲವೇ ದಿನದಲ್ಲಿ ಕೇರಳ ಅದನ್ನು ರಾಜ್ಯದ ವಿಶೇಷ ವಿಪತ್ತು ಅಂತ ಘೋಷಿಸಿತು. ಮೀನುಗಾರ ಕುಟುಂಬಕ್ಕೆ ತಲಾ 1,000 ರೂಪಾಯಿ ಮತ್ತು ಅಕ್ಕಿ ಪ್ರಕಟಿಸಿತು. ಮೊತ್ತ ಸಣ್ಣದು, ಆದರೆ ಕುಟುಂಬಗಳ ಪಟ್ಟಿ ಇದ್ದದ್ದರಿಂದಲೇ ಅಷ್ಟಾದರೂ ಸಾಧ್ಯ. ಆಮೇಲೆ ಹಡಗು ಕಂಪನಿಯ ಮೇಲೆ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿಯ ದಾವೆ ಹೂಡಿತು. ಅದರಲ್ಲಿ ಮೀನುಗಾರರ ನಷ್ಟಕ್ಕೆ ಸುಮಾರು 526 ಕೋಟಿ, ಪರಿಸರವನ್ನು ಮೊದಲಿನಂತೆ ಮಾಡಲು ಸುಮಾರು 378 ಕೋಟಿ. 2025ರ ಸೆಪ್ಟೆಂಬರಿನಲ್ಲಿ ಕೋರ್ಟು ಭದ್ರತೆಯಾಗಿ ಇಡಲು ಹೇಳಿದ್ದು ಸುಮಾರು 1,227 ಕೋಟಿ. ಕೇಳಿದ್ದಕ್ಕೂ ಕೋರ್ಟು ಸದ್ಯಕ್ಕೆ ಒಪ್ಪಿದ್ದಕ್ಕೂ ನಡುವೆ ಇಷ್ಟು ಅಂತರವಿದೆ. ನಷ್ಟಕ್ಕೆ ಪುರಾವೆ ಎಷ್ಟು ಗಟ್ಟಿಯೋ ಈ ಹೋರಾಟ ಅಷ್ಟು ಗಟ್ಟಿ.

ಪುರಾವೆ ಯಾರ ಬಳಿ ಇದೆ? ಬೋಟಿನ ಮಾಲೀಕರಿಗೆ ನೋಂದಣಿ ಇದೆ, ತೆರಿಗೆ ವಿನಾಯಿತಿ ಡೀಸೆಲಿನ ಲೆಕ್ಕ ಇದೆ. ದಕ್ಕೆಯಲ್ಲಿ ಬುಟ್ಟಿ ಹೊರುವವರಿಗೆ, ಐಸ್ ತುಂಬುವವರಿಗೆ, ಸೈಕಲ್ಲು ಬೈಕಿನಲ್ಲಿ ಮನೆಮನೆಗೆ ಮೀನು ಕೊಂಡುಹೋಗುವವರಿಗೆ, ಅಳಿವೆಯಲ್ಲಿ ಮರುವಾಯಿ ಹೆಕ್ಕುವವರಿಗೆ ಏನಿದೆ? ನಮ್ಮವರಲ್ಲಿ ಹೆಚ್ಚಿನವರು ಈ ಸಾಲಿನಲ್ಲೇ ಇದ್ದಾರೆ. ಬಡ ಮೊಗವೀರ ಮನೆಗಳ ಕಥೆಯೂ ಬೇರೆಯಲ್ಲ.

ದಡ ಸರಿಪಡಿಸುವುದು ಅಂದರೆ ಕಪ್ಪು ಮರಳು ಬಾಚಿದ ಫೋಟೋ ಅಲ್ಲ. 2017ರ ಜನವರಿಯಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಜನ ಬಕೆಟ್ಟಿನಲ್ಲಿ ಎಣ್ಣೆ ಮೊಗೆದದ್ದು ದೇಶವೇ ನೋಡಿತು. ಬಾಚಿದ ಎಣ್ಣೆ ಮರಳು ಅಪಾಯಕಾರಿ ತ್ಯಾಜ್ಯ, ಅದನ್ನು ಎಲ್ಲಿ ಇಡಬೇಕು ಅನ್ನುವ ಜಾಗ ಮೊದಲೇ ಗುರುತಾಗಿರಬೇಕು. ಕಾಂಡ್ಲಾ ಗಿಡದ ಬೇರಿಗೆ ಹತ್ತಿದ ಎಣ್ಣೆಯನ್ನು ಜೋರು ನೀರಿನಲ್ಲಿ ತೊಳೆದರೆ ಗಿಡವೇ ಹೋಗುತ್ತದೆ. ನೇತ್ರಾವತಿ ಅಳಿವೆಯಲ್ಲಿ ಎಣ್ಣೆ ನುಗ್ಗುವ ದಾರಿ, ಮೊದಲು ಉಳಿಸಬೇಕಾದ ಮೂಲೆ ಯಾವುದು ಅಂತ ಅಲ್ಲಿ ದಿನಾ ದೋಣಿ ಹಾಕುವವನಿಗೆ ಗೊತ್ತು. ಅವನ ಮಾತು ಇಲಾಖೆಯ ನಕ್ಷೆಗೆ ಬರಬೇಕು.

ಆದ್ದರಿಂದ ನಾವು ಕೇಳುವುದು ಮೂರು. ಒಂದು, ಕೇರಳ ಆಮೇಲೆ ಮಾಡಿದ್ದನ್ನು ಕರ್ನಾಟಕ ಮೊದಲೇ ಮಾಡಲಿ, ಎಣ್ಣೆ ಸೋರಿಕೆಯನ್ನು ರಾಜ್ಯದ ವಿಶೇಷ ವಿಪತ್ತುಗಳ ಸಾಲಿಗೆ ಸೇರಿಸಲಿ. ಎರಡು, ಪ್ರತಿ ವರ್ಷ ಮೇ ತಿಂಗಳೊಳಗೆ ಮೂರೂ ಕರಾವಳಿ ಜಿಲ್ಲೆಗಳಲ್ಲಿ ಕೋಸ್ಟ್ ಗಾರ್ಡ್, ಬಂದರು, ಪಂಚಾಯತ್ ಮತ್ತು ಮೀನುಗಾರರು ಒಟ್ಟಿಗೆ ಕೂತು ತಯಾರಿ ಮಾಡಲಿ. ಮೂರು, ಮೀನಿನಿಂದ ಬದುಕುವ ಪ್ರತಿ ಮನೆಯ ಪಟ್ಟಿ ಆಗಲಿ, ಬೋಟಿದ್ದವರದ್ದು ಮಾತ್ರವಲ್ಲ.

ಮೂರನೆಯದಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ಮದುವೆ, ಮರಣದ ದಾಖಲೆ ಇಡುವ ಜಮಾಅತ್‌ಗಳಿಗೆ ಮೊಹಲ್ಲಾದಲ್ಲಿ ಯಾರು ಯಾವ ಕೆಲಸದಲ್ಲಿದ್ದಾರೆ ಅಂತ ಬರೆದಿಡುವುದು ದೊಡ್ಡದಲ್ಲ. ಅಲ್ಲಿಯ ನೆಂಟರಿಗೆ ಫೋನ್ ಮಾಡುವಾಗ ನಾವು ಹೇಳಬಹುದಾದ್ದೂ ಇದೆ: ಮೀನು ಮಾರಿದ ಚೀಟಿ ಬಿಸಾಡಬೇಡಿ, ಹಣ ಆದಷ್ಟು ಬ್ಯಾಂಕಿನ ಮೂಲಕ ಬರಲಿ, ಮೀನುಗಾರಿಕೆ ಇಲಾಖೆಯ ಕಾರ್ಡು ಮಾಡಿಸಿಕೊಳ್ಳಿ, ಸಹಕಾರಿ ಸಂಘಕ್ಕೆ ಸೇರಿ. ಹಡಗಿನ ಇಂಧನ ಚೆಲ್ಲಿದ ನಷ್ಟಕ್ಕೆ ಅಂತರರಾಷ್ಟ್ರೀಯ ಒಪ್ಪಂದದಂತೆ ದಾವೆಗೆ ಇರುವುದು ಮೂರು ವರ್ಷ. ಕಾಗದ ಹುಡುಕುವುದರಲ್ಲೇ ಆ ಮೂರು ವರ್ಷ ಕಳೆದುಹೋಗಬಾರದು.

ಕಡಲೂ ಅಮಾನತ್ತೇ, ಅದರಿಂದ ಉಣ್ಣುವವರ ಹಕ್ಕೂ ಅಮಾನತ್ತೇ. ಪಹಣಿಯ ಬೆಲೆ ಏನು ಅಂತ ಮಂಡ್ಯದ ನೆಲದಲ್ಲಿ ಬದುಕುವ ನಮಗೆ ಚೆನ್ನಾಗಿ ಗೊತ್ತು. ಮುಂದಿನ ಮಳೆಗಾಲದ ಮೊದಲು ಅದನ್ನು ಊರಿನವರಿಗೂ ಹೇಳೋಣ.