ಅಜ್ಜಿಯ ಆಯಸ್ಸು, ಅಜ್ಜನ ಆರೋಗ್ಯ

ನೂರು ದಾಟಿದ ಕನ್ನಡಿಗರ ಹೆಸರು ಹೇಳಿ ಎಂದರೆ ನಾವು ಬೆರಳು ಮಡಚತೊಡಗುತ್ತೇವೆ: ಸರ್ ಎಂ. ವಿಶ್ವೇಶ್ವರಯ್ಯ, ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ, ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯ, ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ. ಐದನೆಯ ಬೆರಳಿಗೆ ಸಾಲುಮರದ ತಿಮ್ಮಕ್ಕ. ಈ ಪಟ್ಟಿ ನೋಡಿದರೆ ದೀರ್ಘಾಯುಷ್ಯ ಗಂಡಸರ ಸೊತ್ತು ಅನ್ನಿಸೀತು. ಲೆಕ್ಕ ಮಾತ್ರ ತೀರಾ ಉಲ್ಟಾ. ಜಪಾನಿನಲ್ಲಿ 2025ರ ಸೆಪ್ಟೆಂಬರ್ ಹೊತ್ತಿಗೆ ನೂರು ತುಂಬಿದವರು 99,763 ಮಂದಿ. ಅವರಲ್ಲಿ ಶೇ 88ರಷ್ಟು ಹೆಂಗಸರು. ಭಾರತದಲ್ಲೂ 2016–20ರ ಲೆಕ್ಕದಂತೆ ಗಂಡಿನ ಸರಾಸರಿ ಆಯಸ್ಸು 68.6 ವರ್ಷ, ಹೆಣ್ಣಿನದು 71.4.

ಹಾಗಾದರೆ ಹೆಂಗಸರೇ ಗಟ್ಟಿ ಎನ್ನೋಣವೇ? ನಮ್ಮ ಬೀದಿಯ ಎರಡು ಮನೆ ನೋಡಿ. ಎದುರು ಮನೆಯ ತಾತನಿಗೆ 92. ಬೆಳಿಗ್ಗೆ ಮಂಕಿ ಟೋಪಿ ಹಾಕಿಕೊಂಡು ತಾವೇ ಹೋಗಿ ಹಾಲಿನ ಪ್ಯಾಕೆಟ್ ತರುತ್ತಾರೆ. ಮೂಲೆ ಮನೆಯ ಅಜ್ಜಿಗೆ 91. ಬಿಪಿ ಇಲ್ಲ, ಶುಗರ್ ಇಲ್ಲ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರು ಇನ್ನೂ ಮಂಚ ಬಿಟ್ಟಿಲ್ಲ. ನೋಡಲು ಬಂದವರೆಲ್ಲ “ಏನಜ್ಜಿ, ಇನ್ನೂ ಗಟ್ಟಿ ಇದ್ದೀರಲ್ಲ!” ಎಂದು ಹೊಗಳಿ, ಕಾಫಿ ಕುಡಿದು ಹೋಗುತ್ತಾರೆ. ಒಂದು ದಿನ ಅಜ್ಜಿ ನನ್ನನ್ನು ಹತ್ತಿರ ಕರೆದು ಹೇಳಿದರು: “ಸಂಜೆ ಆರಾದ್ಮೇಲೆ ನಾನು ನೀರು ಕುಡಿಯಲ್ಲಪ್ಪ. ರಾತ್ರಿ ಸೊಸೇನ ಎಷ್ಟು ಸಲ ಎಬ್ಬಿಸೋದು?”

ಇದು ನಮ್ಮ ಬೀದಿಯ ಕಥೆ ಮಾತ್ರವಲ್ಲ. ಡೆನ್ಮಾರ್ಕಿನಲ್ಲಿ 1905ರಲ್ಲಿ ಹುಟ್ಟಿ 1998ರಲ್ಲೂ ಬದುಕಿದ್ದವರನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಆ ವಯಸ್ಸಿಗೆ ಉಳಿದ ಗಂಡಸರು ಕಡಿಮೆ. ಆದರೆ ಉಳಿದವರು ತಮ್ಮ ಕೆಲಸ ತಾವು ಮಾಡಿಕೊಳ್ಳುವುದರಲ್ಲಿ ಹೆಂಗಸರಿಗಿಂತ ಮುಂದಿದ್ದರು. ಕಾಲ ಗಂಡಸರನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿಯುತ್ತದೆ. ಹೃದಯಾಘಾತ, ಲಕ್ವ, ಬೀಡಿ, ಹೆಂಡ ಹಲವರನ್ನು ಅರವತ್ತು ಎಪ್ಪತ್ತರಲ್ಲೇ ಒಯ್ಯುತ್ತವೆ. ತೊಂಬತ್ತಕ್ಕೆ ಉಳಿಯುವುದು ಗಟ್ಟಿ ಕಾಳು. ಹೆಂಗಸರನ್ನು ಕಾಡುವ ಕಾಯಿಲೆಗಳ ಜಾಯಮಾನ ಬೇರೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿದು ಮೂಳೆ ಟೊಳ್ಳಾಗುತ್ತದೆ, ಮಂಡಿ ಸವೆಯುತ್ತದೆ. ಇವು ಬೇಗ ಕೊಲ್ಲುವುದಿಲ್ಲ, ಕೂರಿಸಿಬಿಡುತ್ತವೆ.

ದೇಹದ್ದು ಅರ್ಧ ಕಥೆ. ಇನ್ನರ್ಧ ನಮ್ಮ ಮನೆಗಳದ್ದು. ಗಂಡ ಹೆಂಡತಿಗಿಂತ ನಾಲ್ಕಾರು ವರ್ಷ ದೊಡ್ಡವನಿರಬೇಕು ಎನ್ನುವುದು ನಮ್ಮ ರೂಢಿ. ಅವನು ಹಾಸಿಗೆ ಹಿಡಿದಾಗ ಗಂಜಿ ಕುಡಿಸಲು ಅವಳಿರುತ್ತಾಳೆ. ಅವಳು ಹಾಸಿಗೆ ಹಿಡಿಯುವ ಹೊತ್ತಿಗೆ ಅವನು ಗೋಡೆಯ ಮೇಲಿನ ಫೋಟೊ. ಎಲ್ಲರ ಊಟವಾದ ಮೇಲೆ ಉಂಡವಳು ಮುಪ್ಪಿನಲ್ಲೂ ಎಲ್ಲರ ಕೆಲಸ ಮುಗಿಯಲಿ ಎಂದು ಕಾಯುತ್ತಾಳೆ. ಮಂಡಿ ನೋವು ಎಂದರೆ “ವಯಸ್ಸಾಯ್ತಲ್ಲ” ಎನ್ನುತ್ತೇವೆ. ಅಷ್ಟಕ್ಕೇ ಚಿಕಿತ್ಸೆ ಮುಗಿಯಿತು.

70 ದಾಟಿದವರಿಗೆ ಆಯುಷ್ಮಾನ್ ಕಾರ್ಡ್ ಐದು ಲಕ್ಷದವರೆಗೆ ಆಸ್ಪತ್ರೆ ಖರ್ಚು ಭರಿಸುತ್ತದೆ. ಒಳ್ಳೆಯದೇ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ರಾತ್ರಿ ಎರಡಕ್ಕೆ ಎಬ್ಬಿಸಿ ಕೂರಿಸುವ ಕೈಯನ್ನು ಯಾವ ಕಾರ್ಡೂ ಕೊಡುವುದಿಲ್ಲ. ಆ ಕೈ ಸಾಮಾನ್ಯವಾಗಿ ಅರವತ್ತರ ಸೊಸೆಯದು. ಅವಳ ಮಂಡಿಯೂ ಈಗಾಗಲೇ ನೋಯುತ್ತಿದೆ. ಮನೆಗೆ ಬಂದು ಆರೈಕೆ ಮಾಡುವ ವ್ಯವಸ್ಥೆ ಊರೂರಿಗೂ ಬರದಿದ್ದರೆ, ಹೆಣ್ಣಿಗೆ ದೀರ್ಘಾಯುಷ್ಯವೆನ್ನುವುದು ಉದ್ದದ ಶಿಕ್ಷೆಯಷ್ಟೆ.

ಅಜ್ಜಿ ಬಿದ್ದ ಮರುವಾರ ಆ ಮನೆಯ ಬಚ್ಚಲ ಗೋಡೆಗೆ ಸ್ಟೀಲಿನ ಹಿಡಿ ಬಂತು. ಕೆಲವೇ ನೂರು ರೂಪಾಯಿಯ ಸಾಮಾನು. ಅಜ್ಜಿ ಅದನ್ನು ಒಮ್ಮೆಯೂ ಹಿಡಿದಿಲ್ಲ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ, ಈ ಪತ್ರಿಕೆ ಮಡಚಿಟ್ಟು ಒಮ್ಮೆ ಬಚ್ಚಲಿಗೆ ಹೋಗಿ ನೋಡಿ ಬನ್ನಿ.